ಅಮ್ಮ ನಡೆಯುತ್ತಾರೆ ಸರಿ, ಎಷ್ಟು ಸೆಕೆಂಡಿನಲ್ಲಿ?

ಪ್ರಶ್ನೆ: ನಮ್ಮ ಅಮ್ಮನಿಗೆ 76 ವರ್ಷ. ಸಾಗರದಲ್ಲಿ ಅಣ್ಣ, ಅತ್ತಿಗೆಯ ಜೊತೆ ಇದ್ದಾರೆ. ನಾನಿರುವುದು ಮೈಸೂರಿನಲ್ಲಿ. ಎರಡು ಮೂರು ತಿಂಗಳಿಗೊಮ್ಮೆ ಹೋಗಿ ಬರುತ್ತೇನೆ. ಹೋದಾಗಲೆಲ್ಲ ಅವರ ನಡಿಗೆ ಇನ್ನಷ್ಟು ನಿಧಾನವಾದಂತೆ ಕಾಣುತ್ತದೆ. ಅಲ್ಲಲ್ಲಿ ಗೋಡೆ ಹಿಡಿಯುತ್ತಾರೆ. ಕೇಳಿದರೆ "ನಂಗೇನಾಗಿದೆ, ಚೆನ್ನಾಗೇ ಓಡಾಡ್ತೀನಲ್ಲ" ಅನ್ನುತ್ತಾರೆ. ಅಣ್ಣನಿಗೂ ವ್ಯತ್ಯಾಸ ಕಾಣುತ್ತಿಲ್ಲ. ಎಕ್ಸ್‌ರೇ ತೆಗೆಸಿದಾಗ ಮಂಡಿ ಸವೆದಿದೆ, ವಯಸ್ಸಾಯ್ತಲ್ಲ ಎಂದರಂತೆ. ಬಿಪಿ, ಶುಗರ್ ಮಾತ್ರೆ ಇದೆ, ನಿದ್ದೆಗೂ ಒಂದು ಮಾತ್ರೆ. ಒಂದು ವಾಕರ್ ತಂದುಬಿಡೋಣ ಅಂತ ಅಣ್ಣನ ಯೋಚನೆ. ನಡಿಗೆ ನಿಜವಾಗಿ ಕುಗ್ಗಿದೆಯೋ ಇಲ್ಲವೋ ಅಂತ ಮನೆಯಲ್ಲೇ ತಿಳಿಯುವ ದಾರಿ ಇದೆಯಾ?

ಉತ್ತರ: ಇದೆ. ಒಂದು ಅಳತೆ ಟೇಪು, ಒಂದು ಗಟ್ಟಿ ಕುರ್ಚಿ, ಮೊಬೈಲಿನ ಸ್ಟಾಪ್‌ವಾಚ್, ಅರ್ಧ ಗಂಟೆ ಸಮಯ. ಇಷ್ಟು ಸಾಕು.

ಟೇಪು ಹುಡುಕುವ ಮೊದಲು ಒಂದು ಮಾತು. ನಿಮ್ಮ ಮನೆಯಲ್ಲಿ ಮೂರು ಜನಕ್ಕೆ ಮೂರು ಅಭಿಪ್ರಾಯ. ಯಾರೂ ಸುಳ್ಳು ಹೇಳುತ್ತಿಲ್ಲ. ಮನೆಯ ಮಗು ಉದ್ದವಾದದ್ದು ಅಪರೂಪಕ್ಕೆ ಬರುವ ನೆಂಟರ ಕಣ್ಣಿಗೇ ಮೊದಲು ಬೀಳುತ್ತದೆ, ಅಲ್ವಾ? ನಡಿಗೆ ಇಳಿಯುವುದೂ ಹಾಗೆಯೇ. ಅಣ್ಣ ದಿನಾ ನೋಡುತ್ತಾರೆ, ಅದಕ್ಕೇ ಕಾಣುವುದಿಲ್ಲ. ಅಮ್ಮನ ಮಾತೂ ನಿಜವೇ. ಅವರು ಈಗ ಮಾಡುತ್ತಿರುವ ಓಡಾಟವನ್ನೆಲ್ಲ ಚೆನ್ನಾಗೇ ಮಾಡುತ್ತಾರೆ. ಆಗದ್ದನ್ನು ಯಾವಾಗಲೋ ಸದ್ದಿಲ್ಲದೆ ಬಿಟ್ಟಿರುತ್ತಾರೆ, ಅಷ್ಟೇ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ನಾನು ಫಿಸಿಯೋಥೆರಪಿಸ್ಟ್, ವಯಸ್ಸಾದವರ ನಡಿಗೆ ನೋಡುವುದೇ ನನ್ನ ದಿನದ ಕೆಲಸ. ಆದರೂ ನನ್ನ ಅಪ್ಪ ಒಂದೂವರೆ ವರ್ಷದಿಂದ ತಾರಸಿಗೆ ಹತ್ತಿಲ್ಲ ಅನ್ನುವುದು ನನಗೆ ತಿಳಿದದ್ದು ಟ್ಯಾಂಕಿನ ವಾಲ್ವ್ ಕೆಟ್ಟ ದಿನ. "ಹೋಗಿ ನೋಡ್ಕೊಂಡು ಬಾ" ಅಂತ ನನ್ನನ್ನು ಕಳಿಸಿದರು. ಅಲ್ಲಿ ಅವರ ತುಳಸಿ, ದಾಸವಾಳದ ಕುಂಡಗಳೆಲ್ಲ ಒಣಗಿ ನಿಂತಿದ್ದವು. ದಿನಾ ಬೆಳಿಗ್ಗೆ ನೀರು ಹಾಕುತ್ತಿದ್ದ ಮನುಷ್ಯ. ಕೇಳಿದರೆ, "ಗಿಡದ ಮೇಲೆ ಯಾಕೋ ಆಸಕ್ತಿ ಹೋಯ್ತು" ಎಂದರು. ಹೋಗಿದ್ದದ್ದು ತೊಡೆಯ ಬಲ.

ಹಾಗಾಗಿ ಮೊದಲ ಪರೀಕ್ಷೆಗೆ ಗಡಿಯಾರ ಬೇಡ. "ನಡೆಯೋಕೆ ಆಗುತ್ತಾ?" ಅಂತ ಕೇಳಬೇಡಿ. ಆ ಪ್ರಶ್ನೆಗೆ ಎಲ್ಲ ಅಮ್ಮಂದಿರ ಉತ್ತರವೂ ಒಂದೇ. ಒಂದು ವರ್ಷದ ಹಿಂದೆ ಮಾಡುತ್ತಿದ್ದದ್ದರಲ್ಲಿ ಈಗ ಏನಿಲ್ಲ ಅಂತ ಅತ್ತಿಗೆಯ ಜೊತೆ ಕೂತು ಲೆಕ್ಕ ಹಾಕಿ. ಅಟ್ಟಕ್ಕೆ ಹತ್ತುವುದು ಯಾವಾಗ ನಿಂತಿತು? ತೋಟದ ಕಡೆ ಹೋಗುವುದು? ಊಟಕ್ಕೆ ನೆಲದ ಮೇಲೆ ಕೂರುವುದು? ಮಾರಿಕಾಂಬಾ ಜಾತ್ರೆಗೆ ಹಿಂದೆಲ್ಲ ನಡೆದೇ ಹೋಗುತ್ತಿದ್ದರಾ? ಕಳೆದ ಸಲ ಏನು ನೆಪ ಹೇಳಿದರು? ಮಾಡುವ ರೀತಿ ಬದಲಾಗಿದ್ದರೆ ಅದನ್ನೂ ಬರೆದುಕೊಳ್ಳಿ. ಮೆಟ್ಟಿಲಿಗೆ ಎರಡೂ ಕಾಲಿಟ್ಟು ಹತ್ತುವುದು, ಕುರ್ಚಿಯ ಕೈ ಒತ್ತಿ ಏಳುವುದು, ಒಂದು ಕೈ ಗೋಡೆಗೆ ಬೇಕೇಬೇಕು ಅಂತಾಗಿದ್ದರಿಂದ ಬಟ್ಟೆ ಬಕೆಟ್ಟನ್ನು ಬೇರೆಯವರಿಗೆ ಒಪ್ಪಿಸಿರುವುದು. ಆಗುವುದಿಲ್ಲ ಅನ್ನುವ ಮಾತು ಬಾಯಿಂದ ಬರುವುದಕ್ಕೆ ಬಹಳ ಮೊದಲೇ ಇವು ಶುರುವಾಗಿರುತ್ತವೆ. ಮನೆಯವರು ಪ್ರೀತಿಯಿಂದಲೇ "ನೀವ್ಯಾಕೆ ಏಳ್ತೀರಿ, ನಾನು ತಂದುಕೊಡ್ತೀನಿ" ಅನ್ನುತ್ತಾ ಈ ಇಳಿತಕ್ಕೆ ಮುಸುಕು ಹಾಕಿರುತ್ತಾರೆ.

ಇನ್ನು ಗಡಿಯಾರ. ಜಗಲಿಯಲ್ಲೋ ಹಾಲಿನಲ್ಲೋ ಸಮತಟ್ಟಾದ ಜಾಗ ನೋಡಿ. 4 ಮೀಟರ್ ಅಳೆದು ಎರಡು ಕಡೆ ಸೀಮೆಸುಣ್ಣದ ಗೆರೆ ಎಳೆಯಿರಿ. ಅಮ್ಮ ಮೊದಲ ಗೆರೆಗಿಂತ ಒಂದು ಮೀಟರ್ ಹಿಂದಿನಿಂದ ಹೊರಡಲಿ, ಕೊನೆಯ ಗೆರೆ ದಾಟಿ ಇನ್ನೊಂದು ಮೀಟರ್ ಹೋಗಿ ನಿಲ್ಲಲಿ. ಹೊರಡುವಾಗಿನ ನಿಧಾನ, ನಿಲ್ಲುವಾಗಿನ ನಿಧಾನ ಎರಡೂ ಲೆಕ್ಕಕ್ಕೆ ಬರಬಾರದು. "ಬೇಗ ನಡಿ" ಅನ್ನಬೇಡಿ. ಅಂಗಡಿಗೆ ಹೋಗುವ ಹಾಗೆ ಮಾಮೂಲಿ ನಡಿಗೆ ಸಾಕು. ಎರಡು ಸಲ ನಡೆಸಿ, ಕಡಿಮೆ ಸಮಯ ತೆಗೆದುಕೊಂಡದ್ದನ್ನು ಬರೆದಿಡಿ. ಸೀರೆಯ ಅಂಚು ಕಾಲಿಗೆ ಸಿಕ್ಕದ ಹಾಗೆ ಮೇಲೆ ಇರಲಿ. ದಿನಾ ಮನೆಯಲ್ಲಿ ಹೇಗೆ ಓಡಾಡುತ್ತಾರೋ ಹಾಗೇ ನಡೆಯಲಿ, ಬರಿಗಾಲಾದರೆ ಬರಿಗಾಲು. ಕೋಲು ಹಿಡಿಯುವವರಾದರೆ ಕೋಲೂ ಇರಲಿ.

4 ಮೀಟರಿಗೆ 4 ಸೆಕೆಂಡು ಅಂದರೆ ಸೆಕೆಂಡಿಗೆ ಒಂದು ಮೀಟರ್. 5 ಸೆಕೆಂಡಾದರೆ 0.8 ಮೀಟರ್. ಸ್ನಾಯು ಸವೆತದ ಬಗ್ಗೆ ಯುರೋಪಿನ ತಜ್ಞರು ಅಪಾಯದ ಗೆರೆ ಎಳೆದಿರುವುದು 0.8ಕ್ಕೆ. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಸೆಕೆಂಡಿಗೆ 1 ಮೀಟರಿಗಿಂತ ಕಡಿಮೆಯಾದರೇ ಗಮನ ಕೊಡಿ ಎಂದಿತು. ನಾನು ಮನೆಯವರಿಗೆ ಹೇಳುವುದು ಇಷ್ಟೇ: 4 ಸೆಕೆಂಡಿನೊಳಗೆ ಮುಗಿದರೆ ಸದ್ಯಕ್ಕೆ ನಿಶ್ಚಿಂತೆ. 4ರಿಂದ 5ರ ನಡುವೆ ಇದ್ದರೆ ಈಗಲೇ ವ್ಯಾಯಾಮ ಶುರು ಮಾಡಿ. 5 ದಾಟಿದರೆ ಕಾರಣ ಹುಡುಕಿ.

ಇಷ್ಟು ಸಣ್ಣ ಅಳತೆಗೆ ಇಷ್ಟು ಬೆಲೆ ಯಾಕೆ ಅನ್ನಿಸಬಹುದು. 2011ರಲ್ಲಿ ಒಂಬತ್ತು ಅಧ್ಯಯನಗಳನ್ನು ಒಟ್ಟು ಸೇರಿಸಿ, 65 ದಾಟಿದ 34,485 ಜನರ ನಡಿಗೆಯ ವೇಗವನ್ನು ಅವರ ಆಯಸ್ಸಿನ ಜೊತೆ ಇಟ್ಟು ನೋಡಿದರು. ವೇಗ ಹೆಚ್ಚಿದ್ದವರು ಹೆಚ್ಚು ವರ್ಷ ಬದುಕಿದ್ದರು. ನಡೆಯುವುದಕ್ಕೆ ಹೃದಯ, ಶ್ವಾಸಕೋಶ, ನರ, ಸ್ನಾಯು, ಕೀಲು, ಕಣ್ಣು, ಮೆದುಳು ಎಲ್ಲವೂ ಒಟ್ಟಿಗೆ ಕೆಲಸ ಮಾಡಬೇಕಲ್ಲ. ಯಾವುದು ಸೋತರೂ ವೇಗ ಇಳಿಯುತ್ತದೆ. ಹಾಗಂತ ಅಮ್ಮನ ಸೆಕೆಂಡು ನೋಡಿ ಆಯಸ್ಸಿನ ಲೆಕ್ಕ ಹಾಕಲು ಕೂರಬೇಡಿ. ಅದು ಸಾವಿರಾರು ಜನರ ಸರಾಸರಿ, ಅಮ್ಮನ ಜಾತಕವಲ್ಲ.

ಎರಡನೆಯದು ಕುರ್ಚಿ. ಸುಮಾರು 45 ಸೆಂಟಿಮೀಟರ್ ಎತ್ತರದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಸೋಫಾ ಬೇಡ. ಬಳುಕುವ ಪ್ಲಾಸ್ಟಿಕ್ ಕುರ್ಚಿ ಖಂಡಿತ ಬೇಡ. ಎರಡೂ ಕೈ ಎದೆಯ ಮೇಲೆ ಅಡ್ಡ ಕಟ್ಟಿಕೊಂಡು ಐದು ಸಲ ಪೂರ್ತಿ ಎದ್ದು ಕೂರಬೇಕು. ವಿಶ್ವ ಆರೋಗ್ಯ ಸಂಸ್ಥೆ ಹಿರಿಯರ ತಪಾಸಣೆಗೆ ಇಟ್ಟಿರುವ ಗಡುವು 14 ಸೆಕೆಂಡು. ಏಷ್ಯಾದ ಗುಂಪು 2019ರಲ್ಲಿ ಇನ್ನೂ ಬಿಗಿಯಾಗಿ 12 ಸೆಕೆಂಡು ಅಂದಿತ್ತು. ಒಂದೆರಡು ಸೆಕೆಂಡಿಗೆ ತಲೆ ಕೆಡಿಸಿಕೊಳ್ಳಬೇಡಿ. ಕೈ ಊರದೆ ಒಂದು ಸಲವೂ ಏಳಲು ಆಗದಿದ್ದರೆ ಅದೇ ದೊಡ್ಡ ಸುದ್ದಿ. ಅಲ್ಲಿಗೇ ನಿಲ್ಲಿಸಿ, ಬಲವಂತ ಮಾಡಬೇಡಿ.

ಮೂರನೆಯದರ ಹಿಂದೆ ಒಂದು ಸಣ್ಣ ಕಥೆ ಇದೆ. 1986ರಲ್ಲಿ ಮಥಾಯಸ್, ನಾಯಕ್, ಐಸಾಕ್ಸ್ ಅನ್ನುವ ಮೂವರು ಸೇರಿ ಒಂದು ಸರಳ ಪರೀಕ್ಷೆ ಕೊಟ್ಟರು. ಕುರ್ಚಿಯಿಂದ ಏಳಬೇಕು, 3 ಮೀಟರ್ ನಡೆಯಬೇಕು, ತಿರುಗಿ ಬಂದು ಕೂರಬೇಕು. ನೋಡುವವರು ಕಣ್ಣಂದಾಜಿನಲ್ಲಿ ಒಂದರಿಂದ ಐದರವರೆಗೆ ಅಂಕ ಹಾಕಬೇಕು. ಒಬ್ಬರ ಕಣ್ಣಿನ ಎರಡು ಇನ್ನೊಬ್ಬರಿಗೆ ಮೂರಾಗುತ್ತಿತ್ತು. 1991ರಲ್ಲಿ ಪೊಡ್ಸಿಯಾಡ್ಲೊ ಮತ್ತು ರಿಚರ್ಡ್‌ಸನ್ ಅದಕ್ಕೊಂದು ಗಡಿಯಾರ ಸೇರಿಸಿದರು. ಜಗಳ ಮುಗಿಯಿತು. ಇಂದು ಫಿಸಿಯೋಥೆರಪಿಯಲ್ಲಿ ಟಿಯುಜಿ (ಟೈಮ್ಡ್ ಅಪ್ ಅಂಡ್ ಗೋ) ಅಂತ ಕರೆಯುವುದು ಅದನ್ನೇ. 12 ಸೆಕೆಂಡು ಅಥವಾ ಹೆಚ್ಚಾದರೆ ಬೀಳುವ ಅಪಾಯ ಇದೆ ಅಂತ ಅರ್ಥ ಮಾಡಿಕೊಳ್ಳುತ್ತೇವೆ. 30 ದಾಟಿದವರಿಗೆ ಸಾಮಾನ್ಯವಾಗಿ ಮನೆಯೊಳಗೂ ಇನ್ನೊಬ್ಬರ ಕೈ ಬೇಕಾಗಿರುತ್ತದೆ. ಇದರಲ್ಲಿ ಕುರ್ಚಿಯ ಕೈ ಹಿಡಿದು ಎದ್ದರೂ ತಪ್ಪಿಲ್ಲ.

ಅಮ್ಮನ ಪಕ್ಕಕ್ಕೆ, ಅರ್ಧ ಹೆಜ್ಜೆ ಹಿಂದೆ ಅಣ್ಣ ನಿಂತಿರಲಿ. ಕೈ ಹಿಡಿದು ಎಳೆಯುವುದು ಬೇಡ. ಬೆಳಿಗ್ಗೆ ತಿಂಡಿಯಾಗಿ ಒಂದು ಗಂಟೆಯ ನಂತರ ಒಳ್ಳೆಯ ಸಮಯ. ಎದೆನೋವು, ತಲೆಸುತ್ತು, ಜ್ವರ ಇರುವ ದಿನ ಮುಟ್ಟಲೇಬೇಡಿ. ಇವತ್ತಿನ ಸಂಖ್ಯೆಗಿಂತ ಮೂರು ತಿಂಗಳ ನಂತರದ್ದು ನನಗೆ ಮುಖ್ಯ. ಅದೇ ಜಾಗ, ಅದೇ ಕುರ್ಚಿ, ಅದೇ ಹೊತ್ತು. ನಡಿಗೆಯ ವೇಗ ಸೆಕೆಂಡಿಗೆ 0.1 ಮೀಟರ್ ಬದಲಾದರೆ ಅದು ಬದುಕಿನಲ್ಲಿ ಗೊತ್ತಾಗುವಷ್ಟು ದೊಡ್ಡ ಬದಲಾವಣೆ. ನಾಲ್ಕು ಸೆಕೆಂಡಿನ ನಡಿಗೆ ನಾಲ್ಕೂವರೆಗೆ ಹತ್ತಿರ ಬಂತು ಅಂದರೆ ಅಷ್ಟಾಯಿತು. ಕಣ್ಣಿಗೆ ಅದು ಕಾಣುವುದೇ ಇಲ್ಲ. ಅಣ್ಣನ ತಪ್ಪೇನಿಲ್ಲ, ನೋಡಿ.

ಸಮಯ ಅಳೆಯುವಾಗ ಕಣ್ಣು ಮೊಬೈಲಿನ ಮೇಲೇ ಇದ್ದರೆ ಅರ್ಧ ವಿಷಯ ತಪ್ಪಿಹೋಗುತ್ತದೆ. ಅದಕ್ಕೆ ಒಬ್ಬರು ಸಮಯ ನೋಡಿ, ಇನ್ನೊಬ್ಬರು ವಿಡಿಯೋ ಮಾಡಿ. ತಿರುಗುವಾಗ ಎರಡು ಮೂರು ಹೆಜ್ಜೆಯಲ್ಲಿ ತಿರುಗುತ್ತಾರಾ, ಅಥವಾ ಪುಟ್ಟ ಪುಟ್ಟ ಎಂಟು ಹತ್ತು ಹೆಜ್ಜೆ ಇಡುತ್ತಾರಾ? ಎರಡೂ ಕೈ ಬೀಸುತ್ತವಾ? ಚಪ್ಪಲಿ ಸರಸರ ಸದ್ದು ಮಾಡುತ್ತದಾ? ಚಪ್ಪಲಿ ತಿರುವಿ ತಳವನ್ನೂ ನೋಡಿ. ಒಂದೇ ಕಾಲಿನ ಮುಂಭಾಗ ಹೆಚ್ಚು ಸವೆದಿದ್ದರೆ ಆ ಕಾಲು ಎತ್ತಲು ಆಗುತ್ತಿಲ್ಲ ಅಂತ ಅನುಮಾನ ಪಡಬಹುದು. ಇನ್ನೊಂದು, ಅಮ್ಮ ನಡೆಯುತ್ತಿರುವಾಗ ಸುಮ್ನೆ ಏನಾದರೂ ಕೇಳಿ. "ನಿನ್ನೆ ಸಾರು ಯಾವುದು ಮಾಡಿದ್ದು?" ನಿಂತು ಉತ್ತರ ಕೊಡುತ್ತಾರಾ? 1997ರಲ್ಲಿ ಸ್ವೀಡನ್ನಿನ ಸಂಶೋಧಕರು, ಮಾತು ಶುರುವಾದೊಡನೆ ನಡಿಗೆ ನಿಲ್ಲಿಸುವ ಹಿರಿಯರು ಮುಂದೆ ಬೀಳುವುದು ಜಾಸ್ತಿ ಅಂತ ತೋರಿಸಿದರು. ನಡಿಗೆ ತಾನಾಗಿ ಆಗುತ್ತಿಲ್ಲ, ಅದಕ್ಕೇ ಪೂರ್ತಿ ಗಮನ ಬೇಕಾಗಿದೆ ಅಂತ ಅದರ ಅರ್ಥ. ನಾನು ನೋಡುವ ಎಲ್ಲ ಪರೀಕ್ಷೆಗಳಲ್ಲಿ ಇದೇ ನನಗೆ ಅಚ್ಚುಮೆಚ್ಚು. ಇದಕ್ಕೆ ಟೇಪೂ ಬೇಡ.

ಈಗ ಮಂಡಿ ಸವೆತದ ವಿಷಯ. 76ರಲ್ಲಿ ಯಾರ ಮಂಡಿಯ ಎಕ್ಸ್‌ರೇ ತೆಗೆದರೂ ಏನಾದರೊಂದು ಸವೆತ ಕಾಣುವ ಸಾಧ್ಯತೆ ಹೆಚ್ಚು. ಫೋಟೋದಲ್ಲಿ ಕಾಣುವ ಸವೆತಕ್ಕೂ ನಿಜವಾದ ತೊಂದರೆಗೂ ತಾಳೆಯಾಗಬೇಕೆಂದೇನಿಲ್ಲ. ನಿಮ್ಮ ಪತ್ರದಲ್ಲಿ ಅಮ್ಮ ನೋವು ಅಂತ ಹೇಳಿದ ಮಾತೇ ಇಲ್ಲ. ನಿಧಾನ ಇದೆ, ಗೋಡೆ ಹಿಡಿಯುವುದಿದೆ. ನೋವಿಲ್ಲದೆ ಗೋಡೆ ಹಿಡಿಯುತ್ತಿದ್ದರೆ ನಾನು ಮಂಡಿಗಿಂತ ಮೊದಲು ಬೇರೆ ಕಡೆ ನೋಡುತ್ತೇನೆ.

ಶುಗರ್ ಇರುವವರಲ್ಲಿ ಮೊದಲು ಪಾದ. ಪಾದ ಜೋಮು ಹಿಡಿದಿದೆಯಾ, ಹತ್ತಿಯ ಮೇಲೆ ನಡೆದ ಹಾಗಾಗುತ್ತದಾ ಅಂತ ಕೇಳಿ. ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ ತೂರಾಡಿದಂತೆ ಆಗುತ್ತದಾ? ಕತ್ತಲಲ್ಲಿ ನಡೆಯುವುದು ಇನ್ನೂ ಕಷ್ಟವಾ? ಹೌದಾದರೆ ಪಾದದಿಂದ ಮೆದುಳಿಗೆ ಹೋಗುವ ಸುದ್ದಿ ಸರಿಯಾಗಿ ತಲುಪುತ್ತಿಲ್ಲ, ಆ ಕೆಲಸವನ್ನು ಕಣ್ಣು ಮಾಡುತ್ತಿದೆ. ಶುಗರಿನಿಂದ ಹೀಗಾಗುತ್ತದೆ. ವಿಟಮಿನ್ ಬಿ12 ಕಡಿಮೆಯಾದರೂ ಆಗುತ್ತದೆ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ, ಶುದ್ಧ ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ. ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಬೇಗ ಹಿಡಿದರೆ ಚಿಕಿತ್ಸೆಗೆ ಬಗ್ಗುತ್ತದೆ.

ನಿದ್ದೆ ಮಾತ್ರೆಯ ಮೇಲೆ ನನಗೆ ತುಂಬಾ ಅನುಮಾನ. ರಾತ್ರಿ ನುಂಗಿದ್ದರ ಮಂಪರು ಬೆಳಿಗ್ಗೆಯ ಹೆಜ್ಜೆಯಲ್ಲೂ ಉಳಿದಿರುತ್ತದೆ. ರಾತ್ರಿ ಎರಡು ಗಂಟೆಗೆ ಮೂತ್ರಕ್ಕೆ ಎದ್ದಾಗಂತೂ ಕೇಳಬೇಡಿ. ನೀವಾಗಿ ಒಮ್ಮೆಲೇ ನಿಲ್ಲಿಸಬೇಡಿ, ಹಾಗೆ ನಿಲ್ಲಿಸಿದರೂ ತೊಂದರೆ. ಡಾಕ್ಟರ ಹತ್ತಿರ ಇದನ್ನು ನಿಧಾನವಾಗಿ ಇಳಿಸಬಹುದಾ ಅಂತ ನೇರವಾಗಿ ಕೇಳಿ. ಬಿಪಿಯನ್ನೂ ಕುಳಿತಾಗ ಮಾತ್ರ ನೋಡಿದರೆ ಸಾಲದು. ಐದು ನಿಮಿಷ ಮಲಗಿಸಿ ಒಮ್ಮೆ, ಎದ್ದು ನಿಂತು ಒಂದು ನಿಮಿಷಕ್ಕೆ ಒಮ್ಮೆ, ಮೂರು ನಿಮಿಷಕ್ಕೆ ಒಮ್ಮೆ ನೋಡಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ, ಎದ್ದಾಗ ಮೆದುಳಿಗೆ ರಕ್ತ ಸಾಲುತ್ತಿಲ್ಲ. ಅಂಥವರು ಗೋಡೆ ಹಿಡಿಯದೆ ಇನ್ನೇನು ಮಾಡುತ್ತಾರೆ?

ಸ್ವಲ್ಪ ದೂರ ನಡೆದಾಗ ಮೀನಖಂಡ ಹಿಡಿದುಕೊಂಡು, ಸುಮ್ಮನೆ ನಿಂತರೆ ಸಾಕು ಸರಿಹೋಗುತ್ತದೆ ಅಂದರೆ ಕಾಲಿನ ರಕ್ತನಾಳ ನೋಡಬೇಕು. ನಿಂತರೆ ಹೋಗುವುದಿಲ್ಲ, ಕೂತು ಮುಂದಕ್ಕೆ ಬಾಗಿದರೆ ಆರಾಮ ಅಂದರೆ ಸೊಂಟದಲ್ಲಿ ನರ ಒತ್ತಿರಬಹುದು. ಹೆಜ್ಜೆ ಚಿಕ್ಕದಾಗಿ, ಒಂದು ಕೈ ಬೀಸದೆ, ಹೊಸ್ತಿಲ ಹತ್ತಿರ ಬಂದಾಗ ಕಾಲು ಅಂಟಿದಂತೆ ನಿಂತುಬಿಟ್ಟರೆ ಪಾರ್ಕಿನ್ಸನ್ ಅನ್ನುವ ಮೆದುಳಿನ ಕಾಯಿಲೆ ಇರಬಹುದಾ ಅಂತ ಯೋಚಿಸುತ್ತೇವೆ. ಪಾದ ನೆಲಕ್ಕೆ ಅಂಟಿದಂತಿದ್ದು, ಜೊತೆಗೆ ಮೂತ್ರ ತಡೆಯಲು ಆಗದೆ, ಮರೆವೂ ಶುರುವಾಗಿದ್ದರೆ ಮೆದುಳಿನಲ್ಲಿ ನೀರು ತುಂಬಿರುವ ಸ್ಥಿತಿ ಇರಬಹುದು. ಮೂರೂ ವಯಸ್ಸಿನ ತೊಂದರೆ ಅಂತ ಮನೆಯಲ್ಲೇ ಕೂರಿಸಿದ ಎಷ್ಟೋ ಜನರಿದ್ದಾರೆ. ಅವರಲ್ಲಿ ಕೆಲವರಿಗಾದರೂ ಶಸ್ತ್ರಚಿಕಿತ್ಸೆಯಿಂದ ನಡಿಗೆ ಮರಳುತ್ತದೆ. ಕಣ್ಣಿನ ಪೊರೆ, ಉದ್ದ ಬೆಳೆದ ಉಗುರು, ಪಾದದ ಆಣಿ, ಇವು ಸಣ್ಣವು. ಆದರೆ ಯಾರೂ ನೋಡುವುದಿಲ್ಲ.

ಮೂರು ತಿಂಗಳು ಕಾಯಬಾರದ ಸಂದರ್ಭಗಳೂ ಇವೆ. ನಡಿಗೆ ಒಂದೇ ದಿನದಲ್ಲಿ ಕೆಟ್ಟರೆ, ಒಂದು ಕಡೆ ಬಲ ಹೋದರೆ, ಮಾತು ತೊದಲಿದರೆ ತಡಮಾಡದೆ 108ಕ್ಕೆ ಫೋನ್ ಮಾಡಿ. ಬಿದ್ದ ಮೇಲೆ ಕಾಲೂರಲು ಆಗದಿದ್ದರೂ ಅಷ್ಟೇ. ಎಣ್ಣೆ ಹಚ್ಚಿ ತಿಕ್ಕುತ್ತಾ ಕೂರಬೇಡಿ, ಸೊಂಟದ ಮೂಳೆ ಮುರಿದಿರಬಹುದು. ತಲೆಗೆ ಪೆಟ್ಟು ಬಿದ್ದು ಮರೆತೇ ಹೋದ ಎರಡು ಮೂರು ವಾರದ ನಂತರ ನಡಿಗೆ, ಮಾತು, ಎಚ್ಚರ ಮಂಕಾದರೆ ಒಳಗೆ ನಿಧಾನವಾಗಿ ರಕ್ತ ಸೇರಿರಬಹುದು. ಆ ಪೆಟ್ಟಿನ ವಿಷಯ ನೀವಾಗಿ ಹೇಳದಿದ್ದರೆ ಡಾಕ್ಟರಿಗೆ ತಿಳಿಯುವುದಾದರೂ ಹೇಗೆ?

ಡಾಕ್ಟರ ಹತ್ತಿರ ಹೋದಾಗ "ಅಮ್ಮನಿಗೆ ನಡೆಯೋಕೆ ಸ್ವಲ್ಪ ಕಷ್ಟ" ಅನ್ನಬೇಡಿ. "4 ಮೀಟರಿಗೆ 6 ಸೆಕೆಂಡು, ಕೈ ಊರದೆ ಏಳಲಾಗಲ್ಲ, ಆರು ತಿಂಗಳಲ್ಲಿ ಒಮ್ಮೆ ಬಿದ್ದಿದ್ದಾರೆ" ಅನ್ನಿ. ಎಲ್ಲ ಮಾತ್ರೆಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. ಆಗ ವಯಸ್ಸಾಯ್ತಲ್ಲ ಅಂದು ಕಳಿಸುವುದು ಅವರಿಗೂ ಅಷ್ಟು ಸುಲಭವಲ್ಲ.

ಕಾರಣ ಏನೇ ಇರಲಿ, ಕಾಲಿನ ಬಲಕ್ಕೆ ಕೆಲಸ ಬೇಕು. ಆರೋಗ್ಯವಾಗಿದ್ದ ಹಿರಿಯರನ್ನೇ ಹತ್ತು ದಿನ ಹಾಸಿಗೆಯಲ್ಲಿ ಇರಿಸಿ ನೋಡಿದ ಒಂದು ಅಧ್ಯಯನದಲ್ಲಿ ಕಾಲುಗಳಿಂದ ಸುಮಾರು ಒಂದು ಕಿಲೋದಷ್ಟು ಸ್ನಾಯು ಹೋಗಿತ್ತು. ಅದಕ್ಕೇ ಜ್ವರ ಬಂದು ಒಂದು ವಾರ ಮಲಗಿ ಎದ್ದ ಎಷ್ಟೋ ಅಜ್ಜಿಯರು ಮತ್ತೆ ಮೊದಲಿನಂತಾಗುವುದಿಲ್ಲ. ಸಂಜೆ ವಾಕಿಂಗ್ ಒಳ್ಳೆಯದು, ಆದರೆ ಅದೊಂದೇ ಸಾಲದು. ಕುರ್ಚಿಯಿಂದ ಏಳುವುದನ್ನೇ ವ್ಯಾಯಾಮ ಮಾಡಿ. ಎಂಟು ಹತ್ತು ಸಲ, ಸ್ವಲ್ಪ ವಿರಾಮ, ಮತ್ತೆ ಅಷ್ಟು. ಬೇಕಾದರೆ ಮೊದಮೊದಲು ಕೈ ಊರಲಿ. ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಅದೇ ಕಟ್ಟೆಯ ಪಕ್ಕ, ಒಂದು ಪಾದದ ಮುಂದೆ ಇನ್ನೊಂದು ಇಟ್ಟು ಹತ್ತು ಸೆಕೆಂಡು ನಿಲ್ಲುವುದು. ಸಮತೋಲ ಮತ್ತು ಬಲದ ಇಂಥ ವ್ಯಾಯಾಮದಿಂದ ಬೀಳುವುದು ಸುಮಾರು ಕಾಲುಭಾಗ ಕಡಿಮೆಯಾಗುತ್ತದೆ ಅಂತ ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟಿಗೆ ನೋಡಿದವರು 2019ರಲ್ಲಿ ಬರೆದರು. ಊಟವನ್ನೂ ನೋಡಿ. ತಿಳಿಸಾರು, ಅನ್ನ, ಒಂದು ಹೋಳು ಉಪ್ಪಿನಕಾಯಿ, ಇದರಲ್ಲಿ ಸ್ನಾಯುವಿಗೆ ಹೆಚ್ಚೇನೂ ಸಿಗುವುದಿಲ್ಲ. ದೇಹದ ತೂಕದ ಕಿಲೋಗೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. ಅಮ್ಮ 50 ಕಿಲೋ ಇದ್ದರೆ ದಿನಕ್ಕೆ 50ರಿಂದ 60 ಗ್ರಾಂ. ಗಟ್ಟಿ ಬೇಳೆ, ಹೆಸರುಕಾಳು, ಮೊಸರು, ಹಾಲು, ಶೇಂಗಾ, ತಿನ್ನುವವರಾದರೆ ಮೊಟ್ಟೆ, ಮೀನು. ಶುಗರ್ ಇರುವುದರಿಂದ ಕಿಡ್ನಿ ಸರಿ ಇದೆಯಾ ಅಂತ ಮೊದಲು ಡಾಕ್ಟರನ್ನು ಕೇಳಿ.

ಕೊನೆಗೆ ಅಣ್ಣನ ವಾಕರ್. ಈಗಲೇ ಬೇಡ. ಕಾರಣ ಹುಡುಕದೆ ವಾಕರ್ ಕೊಟ್ಟರೆ ಕಾರಣ ಹಾಗೇ ಉಳಿಯುತ್ತದೆ, ಮನೆಯವರಿಗೆ ಮಾತ್ರ ಸಮಾಧಾನ. ಗೋಡೆಯ ಬದಲಿಗೆ ಒಂದು ಕೋಲು ಸಾಕಾಗಬಹುದು. ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಮಡಿಕೆಗೆ ಸರಿಯಾಗಿ ಬರಬೇಕು. ಅಜ್ಜನ ಹಳೇ ಊರುಗೋಲು ಇದೆಯಲ್ಲ ಅಂತ ಅದನ್ನೇ ಕೊಡಬೇಡಿ, ಅಜ್ಜನ ಎತ್ತರವೇ ಬೇರೆ. ಎಡಗಾಲು ನೋಯುತ್ತಿದ್ದರೆ ಕೋಲು ಬಲಗೈಯಲ್ಲಿರಬೇಕು, ನೋವಿರುವ ಕಡೆಯ ಕೈಯಲ್ಲಲ್ಲ. ಹತ್ತರಲ್ಲಿ ಏಳು ಜನ ತಿರುವುಮುರುವಾಗಿ ಹಿಡಿದುಕೊಂಡೇ ನನ್ನ ಹತ್ತಿರ ಬರುತ್ತಾರೆ. ಪರೀಕ್ಷಿಸಿದ ಫಿಸಿಯೋಥೆರಪಿಸ್ಟ್ ವಾಕರ್ರೇ ಬೇಕು ಅಂದರೆ ತನ್ನಿ, ಆದರೆ ಅಂಗಡಿಗೆ ಹೊರಡುವ ಮೊದಲು ಬಚ್ಚಲುಮನೆ ಬಾಗಿಲಿನ ಅಗಲವನ್ನೂ ಹೊಸ್ತಿಲಿನ ಎತ್ತರವನ್ನೂ ಅದೇ ಟೇಪಿನಲ್ಲಿ ಅಳೆದುಕೊಳ್ಳಿ. ಮಲೆನಾಡಿನ ಹಳೇ ಮನೆಗಳಲ್ಲಿ ಎಷ್ಟೋ ವಾಕರ್‌ಗಳು ಬಚ್ಚಲ ಬಾಗಿಲ ತನಕ ಬಂದು ಹೊರಗೇ ನಿಲ್ಲುತ್ತವೆ. ಅಮ್ಮನಿಗೆ ಅದು ಬೇಕಾಗುವುದು ಒಳಗೆ, ಒದ್ದೆ ನೆಲದ ಮೇಲೆ. ಅಲ್ಲಿಗೆ ಗೋಡೆಗೆ ಎರಡು ಹಿಡಿಕೆ ಹಾಕಿಸಿ. ಅದಕ್ಕೆ ಯಾವ ಪರೀಕ್ಷೆಗೂ ಕಾಯಬೇಕಿಲ್ಲ, ಈ ವಾರವೇ ಆಗಬಹುದು.